ಕಾಕಾರ ಪಿಕಪ್ ಯಾವ ಕಡೆಗೆ ವಾಲುತ್ತದೆ?

ಈ ಪುಣೆ ಶಹರದಲ್ಲಿ ನೆಟ್ಟಗಿರುವ ವಸ್ತುಗಳು ಎರಡೇ ಎಂದು ನಮ್ಮ ಕಾಕಾರ ದೃಢವಾದ ನಂಬಿಕೆ. ಒಂದು, ಗಾಳಿಯಿಲ್ಲದ ಹೊತ್ತಿನಲ್ಲಿ ದೇವರ ಮುಂದಿನ ದೀಪ. ಇನ್ನೊಂದು, ಸ್ವತಃ ಕಾಕಾ. ಮಿಕ್ಕಿದ್ದೆಲ್ಲ ಒಂದಿಷ್ಟು ಆ ಕಡೆಗೋ ಈ ಕಡೆಗೋ ವಾಲಿಯೇ ಇರುತ್ತದಂತೆ. ನೋಡುವ ಕಣ್ಣು ಬೇಕಂತೆ, ಅಷ್ಟೇ.

ಕಾಕಾ ಎಂದರೆ ನನ್ನ ಮಾವನವರ ತಮ್ಮ. ಧಾರವಾಡದ ಕಡೆಯವರು; ಖಡಕಿಯಲ್ಲಿ ನೌಕರಿ ಮಾಡಿ, ನಿವೃತ್ತರಾಗಿ, ಕಾತ್ರಜದಲ್ಲಿ ನಮ್ಮ ಮನೆಯ ಪಕ್ಕದಲ್ಲೇ ನೆಲೆಸಿದವರು. ಯಾರ ಮನೆಗೆ ಹೋದರೂ ಕೂಡುವ ಮೊದಲು ಗೋಡೆಯ ಕಡೆ ನೋಡುತ್ತಾರೆ. ಕ್ಯಾಲೆಂಡರು, ಗಡಿಯಾರ, ಮದುವೆಯ ಫೋಟೋ, ಯಾವುದು ಕೂದಲೆಳೆಯಷ್ಟು ಓರೆಯಾಗಿದ್ದರೂ ಅದನ್ನು ಸರಿಮಾಡಿದ ಮೇಲೆಯೇ ಚಹಾ. ಒಮ್ಮೆ ಅವರ ಮಗನಿಗೆ ಹುಡುಗಿ ನೋಡಲು ಹೋಗಿದ್ದೆವು. ಹುಡುಗಿ ಅವಲಕ್ಕಿಯ ತಟ್ಟೆ ಹಿಡಿದು ಬಂದು ನಿಂತಿದ್ದಾಳೆ. ಕಾಕಾ ಕುರ್ಚಿ ಹತ್ತಿ ಅವಳ ಅಜ್ಜನ ಭಾವಚಿತ್ರ ನೆಟ್ಟಗೆ ಮಾಡುತ್ತಿದ್ದಾರೆ. ಆ ಸಂಬಂಧ ಕೂಡಿಬಂತು ಅನ್ನಿ. ಹುಡುಗಿಯ ಮನೆಯವರಿಗೆ ಅವರ ಕಾಳಜಿ ಮನಸ್ಸಿಗೆ ಬಂದಿತ್ತಂತೆ. ಕಾಕಾರ ಹೆಂಡತಿ, ಅಂದರೆ ನಮ್ಮ ಕಾಕು, ಹೇಳುವ ಕಥೆಯೇ ಬೇರೆ.

"ನನ್ನ ನೋಡಾಕ ಬಂದಾಗೂ ಇವರು ನನ್ನ ಮಾರಿ ನೋಡಲಿಲ್ಲವ್ವಾ. ಬಾಗಿಲ ತೋರಣ ನೋಡ್ಕೋತ ಕೂತಿದ್ರು."

ಇಂಥವರ ಪಿಕಪ್ಪೇ ವಾಲತೊಡಗಿದರೆ ಏನಾಗಬೇಡ?

ಕಾಕಾ ಮನೆಯ ಹಿಂದಿನ ಜಾಗದಲ್ಲಿ ಸಸಿ ಬೆಳೆಸುತ್ತಾರೆ. ತುಳಸಿ, ಮಲ್ಲಿಗೆ, ಕರಿಬೇವು, ದಾಸವಾಳ. ಅವನ್ನು ಹಳೆಯ ಬಿಳಿ ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಿ ಹಿಂಜವಾಡಿಯ ಹೊಸ ಫ್ಲ್ಯಾಟುಗಳ ಬಾಲ್ಕನಿಗಳಿಗೆ ಮುಟ್ಟಿಸುತ್ತಾರೆ. ಕುಂಡ ಜೋಡಿಸಿಕೊಡಲು ನಾನೂ ಆಗಾಗ ಜೊತೆಗೆ ಹೋಗುತ್ತೇನೆ. ಇಳಿಸಲು ಸಲೀಸೆಂದು ಭಾರದ ಕುಂಡಗಳನ್ನೆಲ್ಲ ಅವರು ಫುಟ್‌ಪಾತಿನ ಬದಿಗೇ, ಎಡಕ್ಕೇ, ಇಡುತ್ತಿದ್ದರು. ವರ್ಷಗಟ್ಟಲೆ ಹಾಗೆ ಹೊತ್ತ ಗಾಡಿ ಒಂದು ದಿನ ಆ ಕಡೆಗೇ ಕುಸಿದು ನಿಂತಿತು, ಟೊಂಕದ ಮೇಲೆ ಕೊಡ ಇಟ್ಟುಕೊಂಡ ಹೆಂಗಸಿನ ಹಾಗೆ.

ನಿಜ ಹೇಳಲೇ? ಅದು ವಾಲಿದ್ದೇ ನನಗೆ ಚಂದ ಕಾಣುತ್ತಿತ್ತು. ಎಡಗಡೆಯ ಕಿಟಕಿಗೆ ಕೂತರೆ ರಸ್ತೆ ಹತ್ತಿರ ಬಂದು, ಆಕಾಶ ಒಂದಿಷ್ಟು ದೂರ ಸರಿದಂತೆ ಇರುತ್ತಿತ್ತು. ಕಾತ್ರಜದ ಗುಡ್ಡಗಳು ಮಗ್ಗುಲಾಗಿ ಮಲಗಿ ಇನ್ನೂ ಏಳಲೊಲ್ಲೆ ಎನ್ನುತ್ತಿದ್ದವು. ಹಿಂಜವಾಡಿಯ ಜಾಮಿನಲ್ಲಿ ಸುತ್ತಲೂ ಕಂಪನಿಯ ಬಸ್ಸುಗಳು ನಿಂತಾಗ, ಹಿಂದಿನಿಂದ ತುಳಸಿಯ ವಾಸನೆ ಮೆಲ್ಲಗೆ ಒಳಗೆ ಬರುತ್ತಿತ್ತು. ಮಲ್ಲಿಗೆ ಗಿಡಗಳೆಲ್ಲ ಒಂದೇ ಕಡೆ ತಲೆ ವಾಲಿಸಿ ತೂಕಡಿಸುತ್ತಿದ್ದವು. ಪಕ್ಕದ ಕ್ಯಾಬುಗಳಲ್ಲಿ ಕೂತವರು ನಮ್ಮನ್ನು ನೋಡುತ್ತ ನೋಡುತ್ತ, ತಮಗೇ ಗೊತ್ತಿಲ್ಲದೆ, ಕತ್ತು ಓರೆ ಮಾಡುತ್ತಿದ್ದರು. ಇಡೀ ರಸ್ತೆಯೇ ಒಂದು ಗಳಿಗೆ ಮಧ್ಯಾಹ್ನದ ಸಣ್ಣ ನಿದ್ದೆಗೆ ಜಾರಿದ ಹಾಗೆ!

ಕಾಕಾರಿಗೆ ಮಾತ್ರ ನಿದ್ದೆಯಿಲ್ಲ. ಮೊದಲು ಭಾರದ ಕುಂಡಗಳನ್ನೆಲ್ಲ ಬಲಕ್ಕೆ ಸರಿಸಿದರು. ಸಾಲಲಿಲ್ಲ. ಕಾಕುವನ್ನು ಹೊರಗೆ ಕರೆದರು.

"ಒಂದ್ ಗಳಿಗಿ ಹಿಂದ ಹತ್ತಿ ಬಲಕ್ಕ ನಿಂದರು."

"ಯಾಕ್ರಿ?"

"ಸಮ ಆಗ್ತದೇನು ನೋಡ್ತೀನಿ."

"ಅಲ್ರೀ, ಇದಕ್ಕೇನ ನನ್ನ ಮದುವಿ ಮಾಡ್ಕೊಂಡಿದ್ದು?" ಎನ್ನುತ್ತಲೇ ಕಾಕು ಸೆರಗು ಸಿಕ್ಕಿಸಿ ಹತ್ತಿ ನಿಂತರು. ಗಾಡಿ ಕದಲಲಿಲ್ಲ. ತಮ್ಮ ತೂಕ ಇಷ್ಟು ಕಡಿಮೆಯೇ ಎಂದು ಕಾಕು ಎರಡು ದಿನ ಖುಷಿಯಲ್ಲಿದ್ದರು.

ಇದನ್ನೆಲ್ಲ ಮೇಲಿನ ಮಹಡಿಯಿಂದ ಅವರ ಮಗ ನೋಡುತ್ತಿದ್ದ. ತಂದೆ ಈ ವಯಸ್ಸಿನಲ್ಲಿ ಅಷ್ಟು ದೂರ ಗಾಡಿ ಓಡಿಸುವುದು ಅವನಿಗೆ ಮೊದಲಿಂದಲೂ ಸೇರದು.

"ಅಪ್ಪಾ, ಗಾಡಿಗೂ ವಯಸ್ಸಾತು, ನಿಮಗೂ ಆತು. ಕೀಲಿ ಕೊಡ್ರಿ, ಮಾರಿಬಿಡೋಣು."

"ನೆಟ್ಟಗಾದ್ರ?"

"ನೆಟ್ಟಗಾದ್ರ ಇಟ್ಕೋರಿ. ನಾ ಏನೂ ಅನ್ನೂದಿಲ್ಲ."

ಅಲ್ಲಿಗೆ ಒಪ್ಪಂದವಾಯಿತು. ನಮಗೆಲ್ಲ ಒಳಗೊಳಗೇ ಅಳುಕು. ಆ ಕೀಲಿ ಹೋದರೆ ಕಾಕಾ ದಿನವಿಡೀ ಮನೆಯಲ್ಲಿ. ಗೋಡೆಯ ಮೇಲಿನ ಫೋಟೋಗಳು ಎಷ್ಟು ಅಂತ ಇದ್ದಾವು? ಅದಕ್ಕಿಂತ ಹೆಚ್ಚಾಗಿ, ಸಸಿ ಕೊಟ್ಟು ಬಂದ ಸಂಜೆ ಅವರ ಮುಖದಲ್ಲಿರುವ ಬೆಳಕನ್ನು ನಾನು ನೋಡಿದ್ದೇನೆ. ಯಾರದೋ ಬಾಲ್ಕನಿಯ ದಾಸವಾಳ ಮೊಗ್ಗು ಬಿಟ್ಟಿತೆಂದು ತಾವೇ ಬಿಟ್ಟವರಂತೆ ಹೇಳುತ್ತಾರೆ.

ಕಾತ್ರಜದ ಮೆಕ್ಯಾನಿಕ್ ಗಾಡಿಯ ಅಡಿಗೆ ಹೊಕ್ಕು, ಎಡಗಡೆಯ ಭಾರ ಹೊರುವ ಕಮಾನುಪಟ್ಟಿ ಸೋತಿದೆಯೆಂದು ಹೇಳಿ ಹೊಸದು ಹಾಕಿದ. ಗಾಡಿ ಮೈ ಕೊಡವಿ ಎದ್ದು ನಿಂತಿತು. ಕಾಕಾ ತಾಟಿನಲ್ಲಿ ನೀರು ತುಂಬಿ ಬಾನೆಟ್ಟಿನ ಮೇಲಿಟ್ಟು ನೋಡಿದರು. ನೀರು ನಾಲ್ಕೂ ಕಡೆ ಒಂದೇ ಸಮ. ಕಾಕು ಸಕ್ಕರೆ ಹಂಚಿದರು.

ಒಂದು ಸುತ್ತು ಹೋಗಿ ಬಂದ ಕಾಕಾ ಇಳಿಯುತ್ತಲೇ ಅಂದರು: "ಇನ್ನೂ ವಾಲ್ತದ. ಈಗ ಬಲಕ್ಕ."

ಮೆಕ್ಯಾನಿಕ್ ಮತ್ತೆ ನೋಡಿದ. ಚಕ್ರದ ಗಾಳಿ ನೋಡಿದ, ದಾರ ಹಿಡಿದು ಅಳೆದ, ತಾನೇ ಓಡಿಸಿ ನೋಡಿದ. "ಕಾಕಾ, ಗಾಡಿ ಸರಳ ಆಹೇ. ಪಾಣಿ ಬಘಾ," ಅಂದರೆ ಗಾಡಿ ನೆಟ್ಟಗಿದೆ, ನೀರು ನೋಡಿ ಎಂದು ಮರಾಠಿಯಲ್ಲಿ ಹೇಳಿ ತಾಟು ತೋರಿಸಿದ.

"ನಿನ್ನ ನೀರ ಓರೆ ಅದ," ಅಂದರು ಕಾಕಾ.

ಅವನು ಪಾಪ, ತಾಟು ಬದಲಿಸಿದ.

ಹೀಗೇ ನಡೆಯಿತು. ಮಗನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೇ? "ನೋಡ್ರಿ, ನೀವ ಅಂತೀರಿ ವಾಲ್ತದ ಅಂತ. ಈ ಐತವಾರ ಕೊಟ್ಟಬಿಡೋಣು." ಸುಮ್ಮನೆ 'ನೆಟ್ಟಗಾತು' ಎಂದಿದ್ದರೆ ಕೀಲಿ ಉಳಿಯುತ್ತಿತ್ತು. ಆದರೆ ಓರೆಯಾದದ್ದನ್ನು ನೆಟ್ಟಗಿದೆ ಎನ್ನುವ ನಾಲಿಗೆ ಕಾಕಾರಿಗೆ ದೇವರು ಕೊಟ್ಟಿಲ್ಲ.

ಆ ವಾರ ಅವರ ಪಕ್ಕದಲ್ಲಿ ಕೂತು ಹೋಗುವಾಗ ನಾನು ಗಾಡಿಯನ್ನು ಬಿಟ್ಟು ಕಾಕಾರನ್ನು ನೋಡಿದೆ. ಬೆಳಗಾವಿಯ ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಬೆಂಚಿನ ಕೊನೆಯಲ್ಲಿ ನಿಂತು ಎಲ್ಲರ ಹೆಗಲನ್ನೂ ಸಾಲಾಗಿ ನೋಡುತ್ತಿದ್ದರು. ಯಾರು ಸೊಟ್ಟಗೆ ಕೂತರೂ ಗೊತ್ತಾಗಿಬಿಡುತ್ತಿತ್ತು. ಹಾಗೆ ನೋಡಿದೆ. ಕಾಕಾರ ಎಡಹೆಗಲು ಮೇಲೆ, ಬಲಹೆಗಲು ಕೆಳಗೆ. ಎಡತೊಡೆ ಸೀಟಿಗೆ ತಾಗಿಯೂ ತಾಗದಂತೆ. ಇಳಿಯುವಾಗ ಬಾಗಿಲು ಹಿಡಿದು, ಉಸಿರು ಕಟ್ಟಿ, ಗಿಡ ನೋಡುವವರ ಹಾಗೆ ಒಂದು ಗಳಿಗೆ ನಿಂತರು. ಬಲಗಾಲಿನ ಚಪ್ಪಲಿ ಸವೆದು ತೆಳ್ಳಗಾಗಿತ್ತು. ಎಡಗಾಲಿನದು ಅಂಗಡಿಯಿಂದ ತಂದ ಹಾಗೇ ಇತ್ತು.

ವಾಲುತ್ತಿದ್ದದ್ದು ಪಿಕಪ್ ಅಲ್ಲ.

ಯಾರಿಗೆ ಹೇಳಲಿ? ಕಾಕುವಿನ ಹತ್ತಿರ ಹೋದೆ. ಅವರು ಕಿಟಕಿಯ ಬೆಳಕಿಗೆ ಕೂತು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ನಮ್ಮ ಕಡೆಯ ಹೊದಿಕೆ ಅದು. ಆದರೆ ಇದು ಹೊದೆಯುವಷ್ಟು ದೊಡ್ಡದಿರಲಿಲ್ಲ. ಒಂದು ಅಂಚು ತೆಳ್ಳಗೆ, ಇನ್ನೊಂದು ಅಂಚು ದಿಂಬಿನಷ್ಟು ದಪ್ಪ. ಪಿಕಪ್ಪಿನ ಸೀಟಿನ ಅಳತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಅಂದರು:

"ಗೊತ್ತದವ್ವಾ. ಮಗ್ಗಲ ಹೊರಳೂವಾಗ ಹಲ್ಲು ಕಡೀತಾರ. ಎಡಗಡೆ ಟೊಂಕ."

"ಡಾಕ್ಟರಿಗೆ ತೋರಿಸಬಾರದೇನ್ರಿ?"

"ಡಾಕ್ಟರ್ ಅಂದ್ರ ಎದ್ದು ಹೋಗ್ತಾರ. ಗಾಡಿ ಬಿಡಿಸ್ತಾರ ಅಂತ ಅಂಜಿಕಿ."

"ವಾಲೂದು ಗಾಡಿ ಅಲ್ಲ ಅಂತ ನೀವರೆ ಹೇಳ್ರಿ."

"ನೀವು ವಾಲೀರಿ ಅಂತ? ಆ ಮನುಷ್ಯಾಗ?" ಕಾಕು ನಕ್ಕರು. ಆಮೇಲೆ ನಗು ಹಾಗೇ ನಿಂತುಹೋಯಿತು. "ಅವರಿಗೆ ತಾವ ತಿಳೀಬೇಕವ್ವಾ. ತಿಳಿಯೂ ಮಟ ಕುಂದರಾಕ ಮೆತ್ತಗರೆ ಇರಲಿ. ತಗೋ, ಈ ಸೂಜ್ಯಾಗ ದಾರ ಹಾಕಿಕೊಡು. ನನಗ ಕಾಣವಲ್ದು."

ಪೋಣಿಸಿಕೊಟ್ಟೆ. ಹಸಿರು ಇಳಕಲ್ಲಿನ ಅಂಚೊಂದು ಎಲ್ಲಕ್ಕಿಂತ ಮೇಲಿನ ಪದರವಾಯಿತು.

ಶನಿವಾರ ಬೆಳಿಗ್ಗೆ ಕಾಕಾ ಗಾಡಿಯ ಬಾಗಿಲು ತೆಗೆದರು. ಮಲ್ಲಿಗೆಯ ಕುಂಡಗಳಿಗೆ ಆಗಷ್ಟೇ ನೀರು ಹಾಕಿದ್ದೆವು, ಹನಿಗಳು ತೊಟ್ಟಿಕ್ಕುತ್ತಿದ್ದವು. ಕಾಕಾ ಹತ್ತಿ ಕೂತರು. ಆಮೇಲೆ ಅವರ ಕೈ ಮೆಲ್ಲಗೆ ಸೀಟಿಗೆ ಹಾಸಿದ ಕೌದಿಯ ಮೇಲೆ ಓಡಿತು. ದಪ್ಪ ಅಂಚನ್ನು ಒತ್ತಿ ನೋಡಿತು, ಹಸಿರು ಇಳಕಲ್ಲಿನ ಮೇಲೆ ಹೋಗಿ ನಿಂತಿತು.

"ಮೆಕ್ಯಾನಿಕ್ ಭಾಳ ಛಲೋ ಕೆಲಸ ಮಾಡ್ಯಾನ," ಅಂದರು, ಎದುರಿನ ರಸ್ತೆಯನ್ನೇ ನೋಡುತ್ತ.

"ಹೌದ್ರಿ ಕಾಕಾ."

"ಹೊಲಿಗಿ ಮಾತ್ರ ಒಂದೀಟು ಓರೆ ಹೋಗ್ಯದ."

"ಬಿಚ್ಚಿ ಸರಿ ಮಾಡಿಕೊಡಲೇನ್ರಿ?"

"ಬ್ಯಾಡವ್ವಾ," ಅಂದರು. "ಹಂಗ ಇರಲಿ."

ಗಾಡಿ ಚಾಲೂ ಮಾಡಿದವರು ಮತ್ತೆ ಆರಿಸಿದರು. ಕನ್ನಡಿಯಲ್ಲಿ ತಮ್ಮ ಹೆಗಲನ್ನು ಒಮ್ಮೆ ನೋಡಿಕೊಂಡರು.

"ಹಿಂಜವಾಡಿ ಆಮ್ಯಾಲ. ಮೊದಲ ಈ ಟೊಂಕ ಡಾಕ್ಟರಿಗೆ ತೋರಿಸೋಣು. ಏನಂತಾರೋ ಅನ್ನಲಿ. ಹೋಗು, ನಿಮ್ಮ ಕಾಕೂನ ಕರಿ."

ಕರೆಯಲು ತಿರುಗಿದೆ. ಕಾಕು ಆಗಲೇ ಸೆರಗು ಹೊದ್ದು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಿದ್ದರು.