ಸ್ಟಾಪ್ ಸೈನಿಗೆ ನಿಲ್ಲುವ ರೈಲು

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾನು ದಿನಾ ಆಸ್ಪತ್ರೆ ಕೆಲಸಕ್ಕೆ ಹೋಗುವ ರೈಲು ಸುರಂಗದೊಳಗೆ ಭರ್ರನೆ ಓಡುತ್ತದೆ. ಹೊರಗೆ ಬಂದು ರಸ್ತೆಗಿಳಿಯಿತೋ, ಕಾರು, ಸೈಕಲ್ಲು, ನಾಯಿ ಹಿಡಿದು ಹೊರಟವರ ನಡುವೆ ತೆವಳತೊಡಗುತ್ತದೆ. ಅಷ್ಟು ನಿಧಾನಕ್ಕೆ ಹೋಗುವಾಗ ಏನಾದರೂ ಒಂದು ನಡೆಯದೇ ಇರುವುದಿಲ್ಲ.

೧. ಕೇಕು

ಒಂದು ಬೆಳಿಗ್ಗೆ ರೈಲು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಳಿಯ ಮೇಲೆ ದೀಪ ಮಿಣುಕಿಸುತ್ತಾ ಒಂದು ಕಾರು. ಒಳಗೆ ಯಾರೂ ಇಲ್ಲ. ಡ್ರೈವರಮ್ಮ ಗಂಟೆ ಬಾರಿಸಿದರು. ಮತ್ತೆ ಬಾರಿಸಿದರು. ನನ್ನ ಪಕ್ಕದವರು ಕಾದೂ ಕಾದೂ ಫೋನಿನಲ್ಲೇ ಆಫೀಸಿನ ಮೀಟಿಂಗು ಶುರುಮಾಡಿದರು.

ಕೊನೆಗೆ ಬೇಕರಿಯಿಂದ ಸೂಟು ಹಾಕಿದ್ದ ಒಬ್ಬರು, ಕೇಕಿನ ಡಬ್ಬಿಯನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ಬಂದರು.

"ನಿಮ್ಮಿಂದ ಇಡೀ ರೈಲು ನಿಂತಿದೆ!" ಎಂದರು ಡ್ರೈವರಮ್ಮ.

ಆತ ನಿಜಕ್ಕೂ ನೊಂದುಕೊಂಡು, "ಸಾರಿ. ಪಕ್ಕದಲ್ಲಿ ಅಷ್ಟೊಂದು ಜಾಗ ಇತ್ತಲ್ಲ, ಸುತ್ತಿಕೊಂಡು ಹೋಗಬಾರದಿತ್ತಾ?" ಎಂದರು.

೨. ಊರು ಬಂದರೆ

ಹುಬ್ಬಳ್ಳಿಯಿಂದ ನಮ್ಮತ್ತೆ ಬಂದಿದ್ದರು. ಅವರನ್ನು ಸಮುದ್ರ ನೋಡಲು ಇದೇ ರೈಲಿನಲ್ಲಿ ಕರೆದುಕೊಂಡು ಹೊರಟೆ. ಸ್ಟೇಷನ್ನೂ ಇಲ್ಲದ, ಸಿಗ್ನಲ್ಲೂ ಇಲ್ಲದ ಒಂದು ಚೌಕದಲ್ಲಿ ರೈಲು ನಿಂತಿತು.

"ಯಾಕವಾ ನಿಂತೈತಿ?"

"ಸ್ಟಾಪ್ ಸೈನ್ ಇದೆ ಅತ್ತೆ. ಅಡ್ಡರಸ್ತೆಯವರನ್ನು ಬಿಟ್ಟು ಆಮೇಲೆ ಹೋಗಬೇಕು."

"ರೈಲಿಗೂ?"

"ರೈಲಿಗೂ."

ಅತ್ತೆ ಕಿಟಕಿಯಾಚೆ ಇಣುಕಿ ನೋಡಿದರು. "ನಮ್ಮ ಕಡೆ ರೈಲು ಬಂದ್ರ ಊರು ನಿಲ್ತೈತಿ. ಇಲ್ಲಿ ಊರು ಬಂದ್ರ ರೈಲು ನಿಲ್ತೈತಲ್ಲವಾ!"

೩. ಹಳಿ ಹಿಡಿದು

ಅದೇ ದಿನ ವಾಪಸು ಬರುವಾಗ, ಯಾರೋ ಅಜ್ಜಿ ಗ್ರೋಸರಿ ಗಾಡಿಯನ್ನು ಇಳಿಸಲಾಗದೆ ಒದ್ದಾಡುತ್ತಿದ್ದರು. ಅತ್ತೆ ಕೈಹಾಕಿ, ಅವರ ಜೊತೆ ತಾವೂ ಇಳಿದರು. ಬಾಗಿಲು ಮುಚ್ಚಿ ರೈಲು ಹೊರಟೇಬಿಟ್ಟಿತು. ಅತ್ತೆಯ ಫೋನು ನನ್ನ ಬ್ಯಾಗಿನಲ್ಲಿ. ಅವರಿಗೆ ಇಂಗ್ಲಿಷು ಬಾರದು.

ನಾನು ಡ್ರೈವರ ಬಳಿ ಓಡಿದೆ. "ಎರಡೂ ಕಡೆ ಕಾರು ಓಡಾಡುತ್ತಿವೆ, ನಡುರಸ್ತೆಯಲ್ಲಿ ಬಾಗಿಲು ತೆಗೆಯುವ ಹಾಗಿಲ್ಲ. ಮುಂದಿನ ಸ್ಟಾಪು ಇಲ್ಲೇ ಇದೆ" ಎಂದರು ಅವರು.

ಆದರೆ ಆ 'ಇಲ್ಲೇ' ಬರಲೇ ಇಲ್ಲ. ಮೊದಲು ಕೆಂಪು ಸಿಗ್ನಲ್ಲು. ಆಮೇಲೆ ಡೇಕೇರಿನ ಮಕ್ಕಳು ಒಂದೇ ಹಗ್ಗ ಹಿಡಿದು ರಸ್ತೆ ದಾಟಿದರು. ಕೊನೆಯ ಮಗು ನಿಂತು ರೈಲಿಗೆ ಟಾಟಾ ಮಾಡಿತು. ಆಮೇಲೆ ಎಡಕ್ಕೆ ತಿರುಗಲು ಕಾಯುತ್ತಾ ಒಂದು ಕಾರು. ನಾನು ಬಾಗಿಲ ಬಳಿಯೇ ನಿಂತು ಚಡಪಡಿಸುತ್ತಿದ್ದೆ. ಆದರೂ ಇವರಲ್ಲಿ ಯಾರನ್ನು ಬೈಯಲಿ? ಎಲ್ಲರೂ ಇರುವ ರಸ್ತೆಯಲ್ಲಿ ಹೋಗುವ ರೈಲು ಎಲ್ಲರಿಗೂ ಕಾಯಲೇಬೇಕು ಎಂದು ನನಗೆ ಹೊಳೆದದ್ದು ಆವತ್ತೇ.

ಕೊನೆಗೂ ಸ್ಟಾಪು ಬಂತು. ನೋಡಿದರೆ ಅಲ್ಲಿ ಅತ್ತೆ! ಸೀರೆಯ ಮೇಲೆ ನನ್ನ ಗಂಡನ ಜಾಕೆಟ್ಟು, ಕಾಲಿಗೆ ಶೂ, ಕಂಬಕ್ಕೆ ಒರಗಿ ಆರಾಮಾಗಿ ನಿಂತಿದ್ದಾರೆ.

"ಅತ್ತೆ! ಹೇಗೆ ಬಂದ್ರಿ?"

"ಹಳಿ ಹಿಡಕೊಂಡು ಫುಟ್‌ಪಾತಿನ ಮ್ಯಾಲ ನಡಕೊಂತ ಬಂದೆ. ನಿನ್ನ ಕಾಯಾಕತ್ತಿದ್ದೆ."

ನನಗೆ ಅಳುವೇ ಬಂತು. "ಬಾಗಿಲು ಮುಚ್ಚುತ್ತೆ, ಬೇಗ ಹತ್ತಿ!" ಎಂದು ಕೈಚಾಚಿದೆ.

ಅತ್ತೆ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು. "ಬ್ಯಾಡ ಬಿಡವಾ. ನೀ ಸಾವಕಾಶ ಬಾ. ನಾ ಮುಂದಿನ ಸ್ಟಾಪಿನ್ಯಾಗ ನಿಂತಿರ್ತೀನಿ."