ಕೊಲೆಗಾರನನ್ನು ಲಿಲಾವಿಗಿಟ್ಟ ಮಾವ

ನಮ್ಮ ಮಾವನ ಪಕ್ಕ ಕೂತು ಪತ್ತೇದಾರಿ ಕಾದಂಬರಿ ಓದುವುದೂ ಒಂದೇ, ಬೆಕ್ಕಿನ ಪಕ್ಕ ಬಂಗಡೆ ಮೀನು ಒಣಗಿಸುವುದೂ ಒಂದೇ! ಮಾವ ಅಂದರೆ ನನ್ನ ಸೋದರತ್ತೆಯ ಗಂಡ. ಕಾರವಾರದ ಬಂದರಿನಲ್ಲಿ ಮೀನಿನ ಲಿಲಾವು, ಅಂದರೆ ಹರಾಜು, ಕೂಗುವುದು ಅವರ ಕೆಲಸ. ಬೆಳಗಾದರೆ ಬುಟ್ಟಿಗಳ ಮುಂದೆ ನಿಂತು ದರ ಕೂಗುತ್ತಾರೆ, ಮಧ್ಯಾಹ್ನವಾದರೆ ಕಂಡವರ ಕೈಯಲ್ಲಿರುವ ಪುಸ್ತಕದ ಕೊಲೆಗಾರನ ಹೆಸರು ಕೂಗುತ್ತಾರೆ. ಯಾರಾದರೂ ಕೇಳಿದರೇ? ಯಾರೂ ಕೇಳುವುದಿಲ್ಲ, ಅದೇ ಗೋಳು!

ಒಮ್ಮೆ ಅಂಕೋಲೆಯ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸೊಬ್ಬಳು ಪುಸ್ತಕದಲ್ಲಿ ಮುಳುಗಿದ್ದಳು. ಮಾವ ಹಿಂದಿನಿಂದ ಬಗ್ಗಿ ಒಂದೆರಡು ಪುಟ ಓದಿದವರೇ, "ತಂಗಿ, ಡಾಕ್ಟರೇ ಕೊಂದದ್ದು. ನೀ ಇನ್ನು ಕಿಟಕಿ ಬದಿ ನೋಡ್ತಾ ಆರಾಮ ಕೂತ್ಕೋ" ಎಂದರು. ಅವಳು ಪಟ್ಟನೆ ಪುಸ್ತಕ ಮುಚ್ಚಿದಳು. ಟಿಕೆಟ್ಟು ಅಂಕೋಲೆಗಿದ್ದರೂ ನಡುದಾರಿಯ ಅವರ್ಸಾದಲ್ಲೇ ಇಳಿದುಬಿಟ್ಟಳು! "ಪಾಪ, ಓದ್ತಾ ಕೂತಿದ್ರೆ ಇಳಿಯೂದೇ ಮರೀತಿತ್ತು ಆ ತಂಗಿಗೆ" ಎಂದು ಮಾವ ಸಮಾಧಾನಪಟ್ಟುಕೊಂಡರು.

ಹಾಗಾದರೆ ನಿಜವಾದ ಕಳ್ಳನನ್ನು ಹಿಡಿಯುವುದರಲ್ಲಿ ಹೇಗೆ ಅನ್ನುತ್ತೀರಾ? ಕದ್ವಾಡದ ಮದುವೆಯೊಂದರಲ್ಲಿ ಮದುಮಗನ ಚಿಕ್ಕಪ್ಪನ ಹೊಸ ಚಪ್ಪಲಿ ಕಾಣೆಯಾಯಿತು. ಮಾವ ಚಪ್ಪಲಿ ರಾಶಿಯನ್ನು ತಪಾಸಣೆ ಮಾಡಿದರು, ಅಡುಗೆಯವರನ್ನು ವಿಚಾರಿಸಿದರು, "ಕಳ್ಳ ಹೊರಗಿನವನಲ್ಲ, ನಮ್ಮ ಪೈಕಿಯವನೇ" ಎಂದು ಎಲ್ಲರೆದುರು ಸಾರಿ, ಬೀಗರ ನಡುವೆ ಜಗಳ ಹಚ್ಚಿ ಮನೆಗೆ ಬಂದರು. ಬಾಗಿಲಲ್ಲೇ ಸುದ್ದಿ ಕೇಳಿದ ಅತ್ತೆ ಅವರ ಕಾಲಿನ ಚಪ್ಪಲಿ ನೋಡಿದವಳೇ ಒಳಕ್ಕೆ ಕೂಗಿದಳು: "ಎಲ್ಲರೂ ಬರ್ರಿ, ಕಳ್ಳ ಸಿಕ್ಕಿದ. ಕಾಲು ತೊಳೀಲಿಕ್ಕೆ ಬಂದಾನೆ!"

ಇಷ್ಟಾದ ಮೇಲೂ ಮಾವ ಸುಮ್ಮನಿರುವ ಆಸಾಮಿಯೇ? ಗೆಳೆಯರನ್ನು ಕಟ್ಟಿಕೊಂಡು ಅಂಕೋಲೆಯಲ್ಲಿ ವರ್ಷಕ್ಕೊಮ್ಮೆ ಪತ್ತೇದಾರಿ ಕತೆಗಾರರ ಸಮ್ಮೇಳನ ಶುರುಮಾಡಿದರು. ಹಿಲ್ಲೂರು, ರಾಮನಗುಳಿ ಕಡೆಯಿಂದಲೂ ಜನ ಬರುತ್ತಾರೆ. ಅಲ್ಲಿ ಪ್ರಶಸ್ತಿ ಕೊಡುವ ಕ್ರಮ ಬೇರೆಲ್ಲೂ ಇರಲಿಕ್ಕಿಲ್ಲ. ನಿವೃತ್ತ ಮಾಸ್ತರರೊಬ್ಬರು ಬರೆದವರ ಹೆಸರು ಹೇಳದೆ ಕತೆ ಓದುತ್ತಾರೆ. ಕೊನೆಯ ಭಾಗ ಬರುವ ಮೊದಲು ನಿಲ್ಲಿಸುತ್ತಾರೆ. ಆಗ ಮಾವ ಎದ್ದು ಬಂದರಿನ ದನಿಯಲ್ಲಿ, "ಕೊಂದವ ಯಾರು? ಒಂದು ಸಾರಿ!" ಎಂದು ಲಿಲಾವಿಗಿಡುತ್ತಾರೆ. ಸಭಿಕರು ಹೆಸರು ಕೂಗಬೇಕು. ಮೂರು ಸಾರಿ ಮುಗಿಯುವುದರೊಳಗೆ ಕೊಲೆಗಾರ ಸಿಕ್ಕಿಬೀಳದಿದ್ದರೆ ಆ ಕತೆಗೆ ಪ್ರಶಸ್ತಿ. ಆದರೆ ಅದು ಯಾರಿಗೂ ಸಿಕ್ಕಿರಲಿಲ್ಲ! ಮೂರನೆಯ ಸಾರಿಗೆ ಮೊದಲೇ ಮಾವ ತಾವೇ ಹೆಸರು ಹೇಳಿಬಿಡುತ್ತಿದ್ದರು, ಅದೂ ಸರಿಯಾಗಿ. "ಲಿಲಾವು ಕೂಗೋರೇ ಮೀನು ಹೊತ್ಕೊಂಡು ಹೋಗೂದು ಯಾವ ಬಂದರಲ್ಲಿ ಅದೆ ಮಾರಾಯ್ರೆ?" ಎಂದು ಮಾಸ್ತರರು ಹಣೆ ಚಚ್ಚಿಕೊಂಡರೆ, "ಗೊತ್ತಿದ್ದದ್ದು ನನ್ನ ಬಾಯಲ್ಲಿ ನಿಲ್ಲೂದಿಲ್ಲ" ಎಂಬ ಉತ್ತರ.

ಈ ವರ್ಷ ಸಮ್ಮೇಳನಕ್ಕೆ ಹೊರಡುವಾಗ ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ನಂದೂ ಒಂದು ಕತೆ ಅದೆ ಈ ಸಲ. ಮಾಸ್ತರರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಇವ್ರಿಗೆ ಹೇಳ್ಬೇಡ."

"ಹೇಳಿದ್ರೆ ಬಾಯಿ ಮುಚ್ಕೊಂಡಾದ್ರೂ ಇರ್ತಾರಲ್ಲ ಅತ್ತೆ?"

"ಅದಕ್ಕೇ ಹೇಳ್ಬೇಡ ಅಂದದ್ದು! ಹೆಂಡ್ತಿ ಅಂತ ಬಿಟ್ಟುಕೊಟ್ಟ ಪ್ರಶಸ್ತಿ ನಂಗೆಂತಕ್ಕೆ? ಗೆದ್ರೆ ಗೆಲ್ಬೇಕು, ಸೋತ್ರೆ ಸೋಲ್ಬೇಕು."

ಅತ್ತೆಯ ಕತೆಯಲ್ಲಿ ಸತ್ತವನು ಯಾರು ಗೊತ್ತೇ? ಬಂದರಿನಲ್ಲಿ ಲಿಲಾವು ಕೂಗುವವನು! ಸಭೆಯೆಲ್ಲ ಮಾವನ ಕಡೆ ತಿರುಗಿ ಘೊಳ್ಳೆಂದಿತು. ಸತ್ತವನ ಹೆಂಡತಿ ಅನ್ನ ನೀರು ಬಿಟ್ಟು, ಕೊಂದವನನ್ನು ಹುಡುಕುತ್ತ ಮನೆಮನೆ ತಿರುಗುತ್ತಾಳೆ. ಯಾರು ತಟ್ಟೆ ಮುಂದಿಟ್ಟರೂ "ಅವ್ರು ಬರ್ಲಿ" ಅನ್ನುತ್ತಾಳೆ. ಅಷ್ಟು ಹೊತ್ತಿಗೆ ನಗು ನಿಂತಿತ್ತು.

ಮಾಸ್ತರರು ಓದು ನಿಲ್ಲಿಸಿದರು. ಮಾವ ಎದ್ದರು. "ಒಂದು ಸಾರಿ." ಬೋಟಿನ ಮಾಲೀಕ, ಸತ್ತವನ ತಮ್ಮ, ಐಸ್ ಮಾರುವವನು ಎಂದು ಜನ ಕೂಗಿದರು. ಎಲ್ಲ ತಪ್ಪು. "ಎರಡು ಸಾರಿ." ಇನ್ನೇನು ಹೇಳಿಯೇಬಿಡುತ್ತಾರೆ ಎಂದು ಅತ್ತೆ ಕಣ್ಣು ಮುಚ್ಚಿಕೊಂಡಳು. ಮಾವ "ಮೂರು ಸಾರಿ" ಎಂದು ಮೆಲ್ಲಗೆ ಹೇಳಿ ಕೂತುಬಿಟ್ಟರು!

ಕೊನೆಯ ಭಾಗ ಓದಿಯಾಯಿತು. ಕೊಂದವನು ಬಲೆ ನೇಯುವ ಮುದುಕ. ಬರೆದವಳ ಹೆಸರು ಹೇಳಿದ ಕೂಡಲೇ ಚಪ್ಪಾಳೆಯೋ ಚಪ್ಪಾಳೆ. ಆದರೆ ಅತ್ತೆ ವೇದಿಕೆಯಿಂದ ಇಳಿದವಳೇ ಪ್ರಶಸ್ತಿಯನ್ನು ಮಾವನ ಮಡಿಲಿಗೆ ಹಾಕಿದಳು. "ನಂದು ಅಂತ ಗೊತ್ತಾಗಿ ಸುಮ್ನೆ ಕೂತ್ರಿ, ಅಲ್ದಾ? ನಂಗೆ ಬೇಡ ಇದು."

"ಆ 'ಅವ್ರು ಬರ್ಲಿ' ಕೇಳಿದ ಕೂಡ್ಲೇ ನಿಂದು ಅಂತ ಗೊತ್ತಾಯ್ತು, ಹೌದು," ಎಂದರು ಮಾವ. "ಆದ್ರೆ ಕೊಂದವ ಯಾರಂತ, ದೇವರಾಣೆ, ಗೊತ್ತಾಗ್ಲಿಲ್ಲ. ಆ ಕಡೆ ನಾ ನೋಡ್ಲೇ ಇಲ್ಲ. ಯಾರಾದ್ರೂ ಆ ಹೆಂಗಸಿಗೆ ಒಂದು ತುತ್ತು ಉಣ್ಣಿಸ್ತಾರಾ ಅಂತ ಅದನ್ನೇ ಕಾಯ್ತಾ ಇದ್ದೆ. ಕೊನೆವರೆಗೂ ಉಣ್ಣಲಿಲ್ಲ ಅದು." ಬಂದರಿಗೆಲ್ಲ ಕೇಳಿಸುವ ಆ ದನಿ ಅಲ್ಲೇ ಒಡೆಯಿತು. "ನಾಳೆ ನಾ ಇಲ್ದಿದ್ದಾಗ ನೀ ಹಾಂಗೆ ಮಾಡ್ಬೇಡ, ಮಾರಾಯ್ತಿ. ಉಣ್ಣು."

ಅತ್ತೆ ಬಗ್ಗಿ ಮಾವನ ಮಡಿಲಲ್ಲಿದ್ದ ಪ್ರಶಸ್ತಿಯನ್ನು ಎತ್ತಿಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಮೊದ್ಲು ನೀವು ಏಳಿ, ಊಟಕ್ಕೆ ಹೋಗುವ" ಎಂದಳು.