ಪುಟ ತಿರುಗಿಸಿದರೆ ಬಿಸ್ಕತ್ತು

ಮನುಷ್ಯರ ಕಣ್ಣಿನ ದೋಷವನ್ನು ಎರಡು ನಿಮಿಷದಲ್ಲಿ ಕಂಡುಹಿಡಿಯುವ ನಾನು ಒಂದು ನಾಯಿಯ ನಡತೆಯ ದೋಷವನ್ನು ಮೂರು ವಾರದಲ್ಲಿ ತಿದ್ದಲಾರೆನೇ? ತಿದ್ದಿಯೇ ತೀರುತ್ತೇನೆ! ಹೀಗೆಂದು ನಾನು ಊಟದ ಮೇಜು ಗುದ್ದಿ ಶಪಥ ಮಾಡಿದ ರಭಸಕ್ಕೆ ನೀರಿನ ಲೋಟ ಉರುಳಿತು. ಯಾವ ನಾಯಿಯ ಬಗ್ಗೆ ಶಪಥವಾಯಿತೋ ಆ ನಾಯಿಯೇ ಎದ್ದು ಬಂದು ನೀರು ನೆಕ್ಕಿತು. ನನ್ನ ಹೆಂಡತಿ ಮಾತ್ರ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ.

ನನ್ನದು ಕನ್ನಡಕದ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಊರಿನ ಅರ್ಧ ಜನಕ್ಕೆ "ಮೇಲಿನ ಸಾಲು ಓದಿ, ಈಗ ಕೆಳಗಿನ ಸಾಲು ಓದಿ" ಎಂದು ಹೇಳಿ ಹೇಳಿ, ನನಗೆ ಕಾಣದ್ದು ಈ ಲೋಕದಲ್ಲಿ ಏನೂ ಇಲ್ಲ ಎಂಬ ನಂಬಿಕೆ ಬಂದುಬಿಟ್ಟಿದೆ. ಹೆಂಡತಿ ಗ್ರಂಥಾಲಯದ ಮಕ್ಕಳ ವಿಭಾಗ ನೋಡಿಕೊಳ್ಳುತ್ತಾಳೆ. ಅಲ್ಲಿಗೆ ದಿನಾ ಸಂಜೆ ಒಂಬತ್ತು ವರ್ಷದ ಒಬ್ಬ ಹುಡುಗಿ ಬರುತ್ತಾಳಂತೆ. ಮೂಲೆಯಲ್ಲಿ ಕೂತು ಮನಸ್ಸಿನಲ್ಲೇ ಓದಿಕೊಳ್ಳುತ್ತಾಳೆ. ಗಟ್ಟಿಯಾಗಿ ಓದು ಎಂದರೆ ಮೊದಲ ಅಕ್ಷರವೇ ನಾಲಿಗೆಗೆ ಸಿಕ್ಕಿಕೊಳ್ಳುತ್ತದೆ. ತರಗತಿಯಲ್ಲಿ ಒಂದು ಸಲ ಎಲ್ಲರೂ ಗೊಳ್ಳೆಂದು ನಕ್ಕರು, ಅಲ್ಲಿಗೆ ಮುಗಿಯಿತು. ಒಂದು ವರ್ಷದಿಂದ ಆ ಮಗು ಯಾರ ಮುಂದೆಯೂ ಒಂದು ಸಾಲು ಓದಿಲ್ಲ.

"ನಾಯಿ ಮುಂದೆ ಓದ್ತೀಯಾ?" ಎಂದು ನನ್ನವಳು ಕೇಳಿದಳಂತೆ. ಹುಡುಗಿ ಬಹಳ ಹೊತ್ತು ಯೋಚಿಸಿ ತಲೆಯಾಡಿಸಿದಳಂತೆ. ಅಷ್ಟೇ ಸಾಕಾಯಿತು ಇವಳಿಗೆ! ನಾಯಿ ತಪ್ಪು ಹುಡುಕುವುದಿಲ್ಲ, ನಗುವುದಿಲ್ಲ, 'ಬೇಗ ಬೇಗ' ಎನ್ನುವುದಿಲ್ಲ ಎಂದು ಎಂಟು ತಿಂಗಳು ಮೇಲಧಿಕಾರಿಯ ಬೆನ್ನು ಬಿದ್ದಳು. ಕೊನೆಗೆ ಅವರು ಒಂದೇ ಒಂದು ಶನಿವಾರ ಪ್ರಯೋಗ ಮಾಡಿ ನೋಡಲು ಒಪ್ಪಿದರು, ಅದೂ ಷರತ್ತಿನ ಮೇಲೆ: "ಒಂದು ಸಲ ಬೊಗಳಿದ್ರೂ ಮುಗೀತು. ಆಮೇಲೆ ನನ್ನ ಹತ್ರ ಈ ಮಾತೇ ಎತ್ತಬಾರದು." ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಸಾಧು ನಾಯಿಗಳನ್ನು ಕರೆದೊಯ್ದು ಜನರಿಗೆ ನೆಮ್ಮದಿ ಕೊಡುವ ಸ್ವಯಂಸೇವಕರ ಒಂದು ಕೂಟವಿದೆ. ಅವರು ಒಂದು ನಾಯಿ ಕಳಿಸುವುದಾಗಿ ಹೇಳಿದ್ದರು. ಆ ಶನಿವಾರಕ್ಕೆ ಇನ್ನು ಮೂರೇ ವಾರ ಇರುವಾಗ ಅದು ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಿತು.

ಆಗಲೇ ನಾನು ಎದೆಯುಬ್ಬಿಸಿದ್ದು. "ಅದಕ್ಯಾಕೆ ತಲೆ ಮೇಲೆ ಕೈ ಹೊತ್ತು ಕೂತಿದ್ದೀಯ? ನಮ್ಮ ದೊರೆ ಇಲ್ವೇನೇ?"

"ಯಾವ ದೊರೆ? ದಿನಾ ಪೇಪರ್ ಹರಿಯೋ ದೊರೇನಾ?"

ದೊರೆ ಎಂದರೆ ನಮ್ಮ ನಾಯಿ. ಹೆಸರಿಗೆ ತಕ್ಕಂತೆ ಮನೆಯಲ್ಲಿ ಅದರದ್ದೇ ಆಳ್ವಿಕೆ. ನಾನು ಬೆಳಗ್ಗೆ ಪೇಪರ್ ಬಿಡಿಸಿದ ಕೂಡಲೇ ಎಲ್ಲಿದ್ದರೂ ಓಡಿ ಬಂದು ಅದರ ನಡುವೆ ತಲೆ ತೂರಿಸುತ್ತದೆ. ಐದು ವರ್ಷದಿಂದ ನಾನು ಯಾವ ಸುದ್ದಿಯ ಮಧ್ಯಭಾಗವನ್ನೂ ಓದಿಲ್ಲ.

"ನಾಯಿ ಬಾಲ ಡೊಂಕು ಅಂತಾರಲ್ಲ ರೀ..."

"ಬಾಲ ಯಾರು ಕೇಳಿದ್ರು? ತಲೆ ನೆಟ್ಟಗಾದ್ರೆ ಸಾಕು!" ಎಂದೆ. ಮೇಜು ಗುದ್ದಿದ್ದು ಆಗಲೇ.

ಮರುದಿನವೇ ನಾಯಿಗಳ ನಡತೆಯ ಮೇಲೆ ಬರೆದ ದಿಂಬಿನ ಗಾತ್ರದ ಪುಸ್ತಕವೊಂದನ್ನು ಅವಳ ಗ್ರಂಥಾಲಯದಿಂದಲೇ ತರಿಸಿದೆ. ಹನ್ನೊಂದು ಪುಟ ಓದುವಷ್ಟರಲ್ಲಿ ಇಡೀ ಶಾಸ್ತ್ರ ಅಂಗೈ ನೆಲ್ಲಿಕಾಯಿಯಾಯಿತು! ನಾಯಿ ಬೇಕಾದಂತೆ ನಡೆದುಕೊಂಡರೆ ಆ ಕ್ಷಣವೇ ಬಹುಮಾನ ಕೊಡಬೇಕು. ಇಷ್ಟಕ್ಕೆ ಮುನ್ನೂರು ಪುಟ ಯಾಕೆ ಬರೆದರೋ ಎಂದುಕೊಂಡು ಪುಸ್ತಕ ಮುಚ್ಚಿದೆ.

ತರಬೇತಿ ಶುರುವಾಯಿತು. ನಾನು ಪೇಪರ್ ಹಿಡಿದು ಗಟ್ಟಿಯಾಗಿ ಓದುವುದು. ಪುಟ ಮುಗಿಯುವವರೆಗೆ ದೊರೆ ಸುಮ್ಮನೆ ಕೂತರೆ, ಸರ್ರನೆ ಪುಟ ತಿರುಗಿಸಿ "ಜಾಣ!" ಎಂದು ಒಂದು ಬಿಸ್ಕತ್ತು. ಮೊದಲ ದಿನ ಎರಡು ಪೇಪರ್ ಹುತಾತ್ಮವಾದವು. ನಾಲ್ಕನೇ ದಿನ ದೊರೆ ಕೂತಿತು. ಹತ್ತನೇ ದಿನಕ್ಕೆ ಪುಟ ತಿರುಗಿದ ಸದ್ದಾದರೆ ಸಾಕು, ಹಿತ್ತಲಿಂದ ಓಡಿ ಬಂದು ಮುಂಗಾಲು ಜೋಡಿಸಿ ಕೂತು, ದೇವದೂತನ ಮುಖ ಮಾಡಿಕೊಂಡು ನನ್ನನ್ನೇ ನೋಡುತ್ತಿತ್ತು. ಬಿಸ್ಕತ್ತು ತಡವಾದರೆ ಸಣ್ಣಗೆ ಕುಂಯ್ ಎನ್ನುವುದು, ಇನ್ನೂ ತಡವಾದರೆ ಎದೆ ತುಂಬ ಗಾಳಿ ಎಳೆದುಕೊಂಡು ಒಂದು 'ಭೌ'. ನಾನು ತಡಮಾಡುತ್ತಲೇ ಇರಲಿಲ್ಲ, ಬಿಡಿ.

"ರೀ, ಅದು ಓದೋದನ್ನ ಕೇಳ್ತಿಲ್ಲ. ಬಿಸ್ಕತ್ತು ಕಾಯ್ತಿದೆ" ಎಂದಳು ಹೆಂಡತಿ.

"ಮಕ್ಕಳೂ ಸ್ಕೂಲಲ್ಲಿ ಬೆಲ್ ಕಾಯ್ತಾವೆ. ಹಾಗಂತ ಪಾಠ ಕೇಳ್ತಿಲ್ಲ ಅಂತೀಯಾ?"

"ಹೂಂ, ಅಂತೀನಿ. ಬೇರೆಯವರು ಪುಟ ತಿರುಗಿಸಿದ್ರೂ ಹೀಗೇ ಮಾಡುತ್ತಾ?"

"ಛೆ! ಅದಕ್ಕೆ ನನ್ನ ಕೈ ಗೊತ್ತು ಕಣೇ. ಇದು ಗುರು ಶಿಷ್ಯರ ಸಂಬಂಧ!"

ಅವಳು ಓದುತ್ತಿದ್ದ ಪುಸ್ತಕವನ್ನು ಟಪ್ ಎಂದು ಮುಚ್ಚಿದಳು. ನಾನು ಎದ್ದು ಚಹಾ ಇಡಲು ಒಳಗೆ ಹೋದೆ. ಸಂಜೆಯ ಚಹಾ ಮೊದಲಿನಿಂದಲೂ ನನ್ನದೇ. ಯಾರ ಬಲವಂತವೂ ಇಲ್ಲ, ನನಗೇ ಮಾಡಬೇಕು ಅನಿಸುತ್ತದೆ. ಲೋಟ ಕೈಗಿಟ್ಟಾಗ ಅವಳು ಕಣ್ಣೆತ್ತಿ ಒಂದು ನಗು ನಗುತ್ತಾಳೆ, ಅಷ್ಟು ಸಾಕು.

ಮೂರನೇ ವಾರ ಸ್ವಯಂಸೇವಕರ ಕೂಟದಿಂದ ಪರೀಕ್ಷಕಿ ಬಂದರು. ನೆರೆತ ಕೂದಲು, ಸ್ವೆಟರಿನ ತುಂಬ ನಾಲ್ಕು ಬಣ್ಣದ ನಾಯಿಗೂದಲು, ಮಾತು ಮಾತ್ರ ಬಹಳ ಕಮ್ಮಿ. ನಾಯಿಯ ಕಿವಿ ಎಳೆದರು, ಬಾಲ ಹಿಡಿದರು, ಊರುಗೋಲು ಕುಟ್ಟುತ್ತ ಪಕ್ಕದಲ್ಲೇ ನಡೆದರು. ಇದ್ದಕ್ಕಿದ್ದಂತೆ ಸ್ಟೀಲಿನ ತಟ್ಟೆಯೊಂದನ್ನು ನೆಲಕ್ಕೆ ಬಿಟ್ಟರು. ನಾನು "ಅಯ್ಯಪ್ಪಾ!" ಎಂದು ಸೋಫಾ ಹತ್ತಿದೆ. ದೊರೆ ಅಲ್ಲಾಡಲಿಲ್ಲ. ಅವರು ಏನೋ ಬರೆದುಕೊಂಡು ಹಾಳೆ ತಿರುಗಿಸಿದರು.

ಸರ್ರ್!

ದೊರೆ ಥಟ್ಟನೆ ಅವರ ಮುಂದೆ ಹೋಗಿ ಮುಂಗಾಲು ಜೋಡಿಸಿ ಕೂತಿತು. ದೇವದೂತನ ಮುಖ.

"ಎಂಥಾ ಏಕಾಗ್ರತೆ!" ಎಂದರು ಪರೀಕ್ಷಕಿ. "ಏನಾದ್ರೂ ವಿಶೇಷ ಅಭ್ಯಾಸ ಮಾಡಿಸಿದ್ದೀರಾ?"

ಹೆಂಡತಿ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ. ನಿಜ ಹೇಳಬೇಕಿತ್ತು, ಅಲ್ಲೇ, ಆ ಕ್ಷಣದಲ್ಲೇ! ಆದರೆ ಗೆಲುವು ಬಾಗಿಲಿಗೆ ಬಂದಾಗ ಚಿಲಕ ಹಾಕಿಕೊಳ್ಳುವಷ್ಟು ದಡ್ಡ ನಾನಲ್ಲ. "ಏನಿಲ್ಲ ಮೇಡಂ, ಬರೀ ಪ್ರೀತಿ" ಎಂದು, ಬೆನ್ನ ಹಿಂದಿನಿಂದ ಒಂದು ಬಿಸ್ಕತ್ತು ದಾಟಿಸಿದೆ. ದೊರೆ ಪಾಸಾಯಿತು.

ಅವರು ಹೋದ ಮೇಲೆ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ರೀ, ಅವರು ಹಾಳೆ ತಿರುಗಿಸಿದಾಗ್ಲೂ..."

"ಕಾಕತಾಳೀಯ ಕಣೇ!"

"ಆ ಮಗು ಮೂರು ವಾರದಿಂದ ಒಂದೇ ಕಥೆ ಹಿಡ್ಕೊಂಡು ಮನಸ್ಸಲ್ಲೇ ಓದಿ ಓದಿ ತಯಾರಾಗಿದೆ. ಹೆಚ್ಚುಕಮ್ಮಿ ಆದ್ರೆ ಅದು ಇನ್ಯಾವತ್ತೂ ಬಾಯಿ ಬಿಡಲ್ಲ. ನೆನಪಿರಲಿ."

"ನಾನಿದ್ದೀನಲ್ಲ!" ಎಂದೆ. ಆ ಮಾತು ಕೇಳಿದ ಮೇಲೆ ಅವಳಿಗೆ ಇನ್ನೂ ಹೆದರಿಕೆಯಾಯಿತಂತೆ. ಇದನ್ನು ಅವಳು ನನಗೆ ಹೇಳಿದ್ದು ಆಮೇಲೆ.

ಶನಿವಾರ ಬಂತು. ನಾನು ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಜೇಬಿನಲ್ಲಿ ಹದಿನಾಲ್ಕು ಬಿಸ್ಕತ್ತು ತುಂಬಿಕೊಂಡು, ದೊರೆಯ ಜೊತೆ ಗ್ರಂಥಾಲಯಕ್ಕೆ ದಿಗ್ವಿಜಯ ಹೊರಟೆ. ದೊಡ್ಡ ಹಜಾರ. ನಲವತ್ತು ಜನ ಓದುಗರು. ಅದರ ಕೊನೆಗೆ ಸೊಂಟದೆತ್ತರದ ಕಪಾಟಿನಾಚೆ ಮಕ್ಕಳ ಮೂಲೆ. ಚಾಪೆಯ ಮೇಲೆ ಆ ಹುಡುಗಿ ಎರಡು ಜಡೆ ಹಾಕಿಕೊಂಡು, ಪುಸ್ತಕವನ್ನು ಎದೆಗವಚಿಕೊಂಡು ಕೂತಿದ್ದಳು. ಪರೀಕ್ಷಕಿ ಗೋಡೆಗೊರಗಿ ನಿಂತಿದ್ದರು. ಅಧಿಕಾರಿ ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು, ನಾಯಿಯಿಂದ ನಾಲ್ಕು ಮಾರು ದೂರದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ನಾನು ಅವರಿಗೆ ನಾಯಿಯ ಮನಸ್ಸಿನ ಬಗ್ಗೆ ನಾಲ್ಕು ಮಾತು ಹೇಳೋಣವೆಂದು, ದೊರೆಯನ್ನು ಕಟ್ಟಿದ್ದ ಪಟ್ಟಿಯನ್ನು ಕುರ್ಚಿಯ ಕೈಗೆ ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡೆ.

ಗ್ರಂಥಾಲಯ ಎಂದರೆ ಪುಟ ತಿರುಗುವ ಜಾಗ. ಈ ಸತ್ಯ ಭೂಮಂಡಲದಲ್ಲಿ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು!

ಹಜಾರದಲ್ಲಿ ಒಬ್ಬ ಯಜಮಾನರು ಪೇಪರಿನ ಪುಟ ತಿರುಗಿಸಿದರು. ಸರ್ರ್! ಪಟ್ಟಿ ಕುರ್ಚಿಯಿಂದ ಜಾರಿತು. ದೊರೆ ಹೋಗಿ ಅವರ ಮುಂದೆ ಕೂತಿತು. ಯಜಮಾನರು ಕನ್ನಡಕದ ಮೇಲಿನಿಂದ ನೋಡಿದರು (ನನ್ನ ಅಂಗಡಿಯದೇ ಕನ್ನಡಕ). ದೊರೆ ಕುಂಯ್ ಎಂದಿತು. ಎದೆಗೆ ಗಾಳಿ ಎಳೆದುಕೊಳ್ಳತೊಡಗಿತು. ಒಂದು 'ಭೌ' ಬಂದರೆ ಎಂಟು ತಿಂಗಳ ಕೆಲಸ ಮಣ್ಣುಪಾಲು! ನಾನು ಹಾರಿಹೋಗಿ ತೆರೆದ ಬಾಯಿಗೆ ಬಿಸ್ಕತ್ತು ತುರುಕಿದೆ. ಅಷ್ಟರಲ್ಲಿ ಪಕ್ಕದ ಮೇಜಿನ ತರುಣಿ ಪುಟ ತಿರುಗಿಸಿದಳು. ಅಲ್ಲಿಗೊಂದು. ಕಿಟಕಿಯ ಬಳಿ ಪರೀಕ್ಷೆಗೆ ಓದುತ್ತಿದ್ದ ಗಡ್ಡದವನೊಬ್ಬ ದಪ್ಪ ಗೈಡಿನ ಪುಟಗಳನ್ನು ಪಟಪಟ ಮಗುಚಿದ. ಅಲ್ಲಿಗೆ ಐದು.

"ಸ್ವಾಮೀ, ನಿಧಾನವಾಗಿ ಓದಿ!" ಎಂದು ಕೈಮುಗಿದೆ.

"ನಾಡಿದ್ದು ಪರೀಕ್ಷೆ ಸಾರ್" ಎಂದ ಪುಣ್ಯಾತ್ಮ.

ದೊರೆಯ ಪಾಲಿಗೆ ಅದು ಸ್ವರ್ಗವೇ ಸರಿ. ಎತ್ತ ತಿರುಗಿದರೂ ಪುಟ! ಮೇಜಿನಿಂದ ಮೇಜಿಗೆ ಅದು, ಅದರ ಹಿಂದೆ ನಾನು. ಇದರ ನಡುವೆ ನಿಲುಗಂಬದ ಮೇಲೆ ತೆರೆದಿಟ್ಟಿದ್ದ ದೊಡ್ಡ ನಿಘಂಟಿಗೆ ಫ್ಯಾನಿನ ಗಾಳಿ ತಗುಲಿತು. ಅದರ ಪುಟಗಳು ತಾವೇ ತಾವಾಗಿ ಸರಸರ ತಿರುಗತೊಡಗಿದವು. ದೊರೆ ನಿಘಂಟಿನ ಮುಂದೆ ಕೂತು, ಮುಂಗಾಲೆತ್ತಿ ಬೇಡಿತು. ಎಷ್ಟು ಬೇಡಿದರೂ ನಿಘಂಟು ಏನು ಕೊಟ್ಟೀತು? ನಾನು ಬಿಸ್ಕತ್ತಿನ ಮೇಲೆ ಬಿಸ್ಕತ್ತು ಸುರಿದೆ. ಜೇಬಿಗೆ ಕೈ ಹಾಕಿದರೆ ಬೆರಳಿಗೆ ಬರೀ ಪುಡಿ ಸಿಕ್ಕಿತು.

ಆಗ ಕೇಳಿಸಿತು ಒಂದು ಗುಡುಗು.

"ಯಾರೂ ಪುಟ ತಿರುಗಿಸಬೇಡಿ!"

ಈ ಗ್ರಂಥಾಲಯದಲ್ಲಿ ಹನ್ನೊಂದು ವರ್ಷದಿಂದ ಪಿಸುಮಾತನ್ನು ಮೀರಿ ದನಿಯೆತ್ತದ ನನ್ನ ಹೆಂಡತಿ! ಕೈ ಸ್ವಿಚ್ಚಿನ ಮೇಲಿತ್ತು, ಫ್ಯಾನು ನಿಲ್ಲುತ್ತಿತ್ತು. ನಲವತ್ತು ಜನ ಹಿಡಿದ ಪುಟವನ್ನು ಹಿಡಿದಂತೆಯೇ ಕಲ್ಲಾದರು. ಯಜಮಾನರ ಪೇಪರ್ ಗಾಳಿಯಲ್ಲಿ ಅರ್ಧಕ್ಕೆ ನಿಂತಿತು. ಅಧಿಕಾರಿ ಟಿಪ್ಪಣಿ ಪುಸ್ತಕದ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಕೂತುಬಿಟ್ಟರು. ಸೂಜಿ ಬಿದ್ದರೂ ಕೇಳಿಸುವ ಮೌನ.

ಆ ಮೌನದಲ್ಲಿ ಚಾಪೆಯಿಂದ ಒಂದು ಸಣ್ಣ ದನಿ ಬಂತು. "ಬ... ಬ... ಬಸವನಹುಳು..."

ದೊರೆ ಕಿವಿ ನಿಮಿರಿಸಿತು. ಇಡೀ ಹಜಾರದಲ್ಲಿ ಮುಗಿಯಲಿರುವ ಪುಟ ಉಳಿದಿದ್ದು ಅದೊಂದೇ ತಾನೇ? ಹೋಗಿ ಹುಡುಗಿಯ ಪಕ್ಕದಲ್ಲಿ ಕೂತು, ಪುಸ್ತಕವನ್ನೇ ನೋಡತೊಡಗಿತು.

"ಬಸವನಹುಳು ಸಂ... ಸಂತೆಗೆ ಹೊರಟಿತು."

ಒಂದು ಪುಟಕ್ಕೆ ನಾಲ್ಕು ನಿಮಿಷ. ಯಾರೂ ನಗಲಿಲ್ಲ. ನಗುವುದಿರಲಿ, ಜೋರಾಗಿ ಉಸಿರಾಡಲೂ ಹೆದರುತ್ತಿದ್ದರು! ಬೇರೆ ಓದಲು ದಾರಿಯಿಲ್ಲದೆ ನಲವತ್ತು ಜನ ದೊಡ್ಡವರು ಒಂದು ಬಸವನಹುಳುವಿನ ಹಿಂದೆ ನಿಧಾನವಾಗಿ ನಡೆದರು. ಹುಡುಗಿ ತಲೆಯೆತ್ತಲೇ ಇಲ್ಲ. ಅವಳ ಪಾಲಿಗೆ ಅಲ್ಲಿದ್ದಿದ್ದು ಅವಳು, ನಾಯಿ, ಬಸವನಹುಳು ಮೂವರೇ.

ಪುಟ ಮುಗಿಯುತ್ತ ಬಂತು. ನನ್ನ ಜೇಬು ಖಾಲಿ! ಅವಳು ಪುಟ ತಿರುಗಿಸಿದಳು. ಸರ್ರ್. ದೊರೆ ಮುಂಗಾಲು ಜೋಡಿಸಿತು. ಕುಂಯ್ ಎಂದಿತು. ಬಾಯಿ ತೆರೆದು ಎದೆಗೆ ಗಾಳಿ ಎಳೆದುಕೊಂಡಿತು. ನಾನು ಕಣ್ಣು ಮುಚ್ಚಿಕೊಂಡೆ.

"ಇರು" ಎಂದಳು ಹುಡುಗಿ, ಅದರ ತಲೆ ಮೇಲೆ ಅಂಗೈ ಇಟ್ಟು. "ಇನ್ನೂ ಮ... ಮುಗ್ದಿಲ್ಲ."

ದೊರೆ ಒಂದು ಗಳಿಗೆ ಯೋಚಿಸಿತು. ಎಳೆದುಕೊಂಡ ಗಾಳಿಯನ್ನೆಲ್ಲ ಬುಸ್ಸೆಂದು ಮೂಗಿನಿಂದ ಬಿಟ್ಟು, ಅವಳ ಮಂಡಿಯ ಮೇಲೆ ಗಲ್ಲವಿಟ್ಟು ಮಲಗಿತು. ಅವಳು ಆರು ಪುಟ ಓದಿದಳು. ಆರಕ್ಕೂ ಬಿಸ್ಕತ್ತು ಕೇಳಲಿಲ್ಲ ನಾಯಿ. ನಾನು ಮೂರು ವಾರ, ಒಂಬತ್ತು ಪ್ಯಾಕೆಟ್ಟಿನಲ್ಲಿ ಕಲಿಸಲಾಗದ್ದನ್ನು ಅವಳು ಒಂದು ಅಂಗೈಯಲ್ಲಿ ಕಲಿಸಿದಳು. ಹೆಂಡತಿ ಸ್ವಿಚ್ಚಿನ ಪಕ್ಕ ನಿಂತೇ ಕಣ್ಣೊರೆಸಿಕೊಂಡಳು. ನಾನೂ ಖಾಲಿ ಜೇಬು ತಡಕುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಅಧಿಕಾರಿ ನಿಧಾನವಾಗಿ ಎದ್ದರು. "ಷರತ್ತಿನ ಪ್ರಕಾರ ನಾಯಿ ಬೊಗಳಲಿಲ್ಲ. ಕೂಗಿದ್ದು ನೀವು ಮಾತ್ರ" ಎಂದರು ನನ್ನವಳಿಗೆ. ಆಮೇಲೆ ಹುಡುಗಿಯ ಕಡೆ ಬಗ್ಗಿ, "ಅಲ್ಲಮ್ಮಾ, ಆ ಬಸವನಹುಳು ಸಂತೆ ಮುಟ್ತಾ?" ಎಂದು ಕೇಳಿದರು.

ಹುಡುಗಿ ಪುಸ್ತಕ ಮುಚ್ಚಿದಳು. "ಮು... ಮುಂದಿನ ಶನಿವಾರ ಬನ್ನಿ."

ಅವರು ಬಂದರು. ಯಜಮಾನರೂ ಬಂದರು. ಅಲ್ಲಿಗೆ ಶನಿವಾರದ ಓದು ಖಾಯಂ ಆಯಿತು.

ಮೀಸೆ ಮಣ್ಣಾಗಲಿಲ್ಲವೆಂದು ನಾನು ಬೀಗುತ್ತಿರುವಾಗಲೇ ಪರೀಕ್ಷಕಿಯ ವರದಿ ಮನೆಗೆ ಬಂತು. ಹೆಂಡತಿ ಗಟ್ಟಿಯಾಗಿ ಓದಿದಳು: "ನಾಯಿ: ಯೋಗ್ಯ. ಜೊತೆಗೆ ಬರುವವರು: ಸದ್ದಿಗೆ ಬೆಚ್ಚುತ್ತಾರೆ. ಕೇಳದೆಯೇ ಬಿಸ್ಕತ್ತು ಕೊಡುವ ಚಟವಿದೆ. ಮಾತು ವಿಪರೀತ. ಪರೀಕ್ಷೆಯಲ್ಲಿ ನಿಜ ಮುಚ್ಚಿಟ್ಟರು. ಸದ್ಯಕ್ಕೆ ಹೊರಗೆ ಬೆಂಚಿನ ಮೇಲೆ ಕೂರಲಿ. ಆ ಪುಸ್ತಕದ ಹನ್ನೆರಡನೇ ಪುಟ ಓದಲಿ." ನಾನು ಹನ್ನೊಂದಕ್ಕೇ ನಿಲ್ಲಿಸಿದ್ದನ್ನು ನನ್ನವಳೇ ಅವರ ಕಿವಿಗೆ ಹಾಕಿದ್ದಳಂತೆ.

ಓದಿದೆ. ಹನ್ನೆರಡನೇ ಪುಟದಲ್ಲಿ ದಪ್ಪಕ್ಷರದಲ್ಲಿ ಇಷ್ಟೇ ಇತ್ತು: ಎಚ್ಚರ! ನೀವು ಕಲಿಸಿದ್ದೇ ಬೇರೆ, ಅದು ಕಲಿತದ್ದೇ ಬೇರೆ ಆಗಿರಬಹುದು. ಒಂದು ಸದ್ದು, ಅದರ ಹಿಂದೆ ಒಂದು ಬಹುಮಾನ, ಇಷ್ಟು ಸಿಕ್ಕರೆ ಯಾವ ಜೀವಿಯೂ ತನಗೇ ತಿಳಿಯದಂತೆ ಪಳಗುತ್ತದೆ.

"ಎಂಥಾ ಮಾತು ನೋಡೇ!" ಎಂದೆ. "ಪಾಪ, ಮೂಕ ಪ್ರಾಣಿ. ಒಂದು ಸದ್ದಿಗೆ ಎದ್ದು ಓಡೋದು, ತನ್ನಿಷ್ಟದಿಂದಲೇ ಓಡ್ತಿದ್ದೀನಿ ಅಂದ್ಕೊಳ್ಳೋದು! ಮನುಷ್ಯರಾದ ನಾವು ಹಾಗಲ್ಲ ಬಿಡು."

ಹೆಂಡತಿ ಓದುತ್ತಿದ್ದ ಪುಸ್ತಕವನ್ನು ಟಪ್ ಎಂದು ಮುಚ್ಚಿದಳು.

ನಾನು ಎದ್ದೆ. ಅಡುಗೆಮನೆಗೆ ಹೋದೆ. ನೀರಿಟ್ಟೆ, ಒಲೆ ಹಚ್ಚಿದೆ, ಚಹಾಪುಡಿಯ ಡಬ್ಬಿಗೆ ಕೈ ಹಾಕಿದೆ. ಹಾಕಿದ ಕೈ ಅಲ್ಲೇ ನಿಂತಿತು. ಹತ್ತೊಂಬತ್ತು ವರ್ಷದ ಸಂಜೆಗಳೆಲ್ಲ ಒಂದೊಂದಾಗಿ ಕಣ್ಣಮುಂದೆ ಟಪ್ ಟಪ್ ಎಂದು ಮುಚ್ಚಿಕೊಂಡವು.

ತಿರುಗಿ ನೋಡಿದರೆ ಅವಳು ಬಾಗಿಲಿಗೊರಗಿ ನಿಂತಿದ್ದಳು. ಅದೇ ನಗು.

"ಜಾಣ!" ಎಂದಳು.

ಕಾಲಬಳಿ ಮಲಗಿದ್ದ ದೊರೆ ತಲೆ ಕೂಡ ಎತ್ತಲಿಲ್ಲ. ಆ ಮಾತು ಯಾರಿಗೆ ಎಂದು ಅದಕ್ಕೆ ಗೊತ್ತಿತ್ತು. ಹೆಂಡತಿ ಪಕ್ಕದ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ನನ್ನ ಮುಂದೆ ಹಿಡಿದಳು.

ಏನು ಮಾಡಲಿ, ತಿಂದೆ!